ತಾರವ್ವನ ಬಲಗಾಲು

“ಆ ಕಾಲ ಮುಟ್ಟಬ್ಯಾಡ್ರಿ ಕಾಕಾ!”

ಕಾಮಣ್ಣ ಆಗಲೇ ತಾರವ್ವನ ಎಡಗಾಲನ್ನು ಮಡಚಿ ಮುಗಿಸಿ, ಬಲಗಾಲಿನ ಮೊಣಕಾಲ ಕೆಳಗೆ ಕೈ ಹಾಕಿದ್ದ. ಚನ್ನವ್ವನ ದನಿಗೆ ಆ ಕೈ ಕಾದ ಹಂಚು ಮುಟ್ಟಿದಂತೆ ಹಿಂದೆ ಬಂತು. ಅಲಖನೂರಿನಲ್ಲಿ ಯಾರೇ ತೀರಿಕೊಂಡರೂ ಮೊದಲು ಕರೆ ಹೋಗುವುದು ಕಾಮಣ್ಣನಿಗೆ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿಯಿಲ್ಲ. ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಆನಿಸಿ ಕೂರಿಸಬೇಕು. ಕೂತಂತೆಯೇ ವಿಮಾನವೆಂಬ ಚಟ್ಟದಲ್ಲಿ ಒಯ್ದು ಮಣ್ಣಿಗೆ ಕೊಡಬೇಕು. ಮೈ ಬಿಗಿಯುವ ಮೊದಲು ಅಷ್ಟನ್ನೂ ಮುಗಿಸುವುದು ಕಾಮಣ್ಣನ ಕೈಗೆ ಬಂದ ವಿದ್ಯೆ.

“ಯಾಕ ತಂಗಿ? ತಡಾ ಮಾಡಿದ್ರ ಮೈ ಕಟಗಿ ಆಗತೈತಿ. ಹಾಲ ಹಿಂಡೂ ಹೊತ್ತಿಗೆ ಜೀವ ಹೋಗೈತಿ ಅಂತೀರಿ. ಬಿಸಲ ಆ ಬೇವಿನ ಗಿಡಾ ದಾಟೂದ್ರಾಗ ಕುಂಡ್ರಿಸಿ ಬಿಡಬೇಕ.”

“ಕುಂಡ್ರಸ್ರಿ. ಬಲಗಾಲ ಮಡಚಬ್ಯಾಡ್ರಿ, ಅಷ್ಟ.”

“ಕಾಲ ಮಡಚಲಾರದ ಕುಂಡ್ರಸೂ ಕಲಾ ನನಗ ಯಾರೂ ಕಲಿಸಿಲ್ಲವಾ. ಇಷ್ಟ ವರ್ಷ ಆತು, ನಾ ಕುಂಡ್ರಿಸಿದವ್ರು ಒಬ್ರೂ ಎದ್ದ ಬಂದ ತಕರಾರ ಮಾಡಿಲ್ಲ.”

ಬಾಗಿಲಲ್ಲಿ ನಿಂತವರಲ್ಲಿ ಒಬ್ಬಿಬ್ಬರು ನಗು ತಡೆದುಕೊಂಡರು. ಚನ್ನವ್ವ ನಗಲಿಲ್ಲ. ಅತ್ತೆಯ ಬಲಗಾಲಿನ ಪಕ್ಕಕ್ಕೆ ಹೋಗಿ ಕಾವಲಿಗೆ ಕೂತವಳಂತೆ ಕೂತಳು.

ಆ ಕಾಲು ಎಷ್ಟು ತುಟ್ಟಿ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಒಂದು ಸಲ ಮಗ್ಗುಲು ಬದಲಿಸಬೇಕೆಂದರೆ ಮೂರು ಜನರ ಕೈ, ಎರಡು ದಿಂಬು, ಮಡಚಿಟ್ಟ ಒಂದು ಹಳೆಯ ಕೌದಿ ಬೇಕು. ಹಾಸಿಗೆಯ ಚಾದರ ಬದಲಿಸಿದರೆ ಆ ಹೊತ್ತಿನ ಊಟ ಹೋಯಿತೆಂದೇ ಲೆಕ್ಕ. ಅಷ್ಟು ಬೇನೆಯಾದ ಮೇಲೆ ತಾರವ್ವನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಒಂದು ಕೆಮ್ಮಿನ ಬೆಲೆ ಒಂದು ತಾಸಿನ ನಿದ್ದೆ. ಮಾತಾಡಿಸಲು ಬಂದವರೊಬ್ಬರ ಬೆಲೆ ಇಡೀ ಒಂದು ಸಂಜೆ. ಈ ಬೆಲೆಯನ್ನೆಲ್ಲ ತೆತ್ತವಳು ತಾರವ್ವ, ನೋಡಿದವಳು ಚನ್ನವ್ವ. ಉಳಿದವರಿಗೆ ಅದು ಮುಪ್ಪಿನ ಹೆಂಗಸಿನ ಒಂದು ಕಾಲು.

“ಅತ್ತೀಗೆ ಮಾತ ಕೊಟ್ಟೇನ್ರಿ ಕಾಕಾ,” ಎಂದಳು. “ನಾ ಸತ್ತಮ್ಯಾಗ ಕಾಲ ಮಡಚತಾರಲ್ಲ ಚನ್ನಾ, ಆಗ ನೂಸತೈತೇನ ಅಂತ ಕೇಳಿದ್ರು. ಸಾಯೂದಕ್ಕ ಅಂಜಿರಲಿಲ್ಲ ಅವರು. ನಿಮ್ಮ ಕೈಗೆ ಅಂಜಿದ್ರು. ಮಡಚಗೊಡೂದಿಲ್ಲ ಅಂತ ಹೇಳೇನಿ.”

ಕಾಮಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ ಅವಳನ್ನು ಬಿಟ್ಟು, ಕಂಬಕ್ಕೆ ಒರಗಿ ನಿಂತಿದ್ದ ಮುರಗೆಪ್ಪನ ಕಡೆ ತಿರುಗಿದ. “ಏನಪಾ, ಮಗಾ ನೀನ. ನೀ ಹೇಳ.”

ಮುರಗೆಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ತಂಗಿ ಸುಂದರವ್ವ ಬರ್ಲಿ,” ಎಂದ. “ಯಡೂರ ಬಿಟ್ಟಾಳಂತ. ಅಕಿ ಬಂದಮ್ಯಾಗ ನೋಡೂಣು.”

ಚನ್ನವ್ವ ಗಂಡನಿಂದ ಮುಖ ತಿರುಗಿಸಿದಳು. ಈ ಮನುಷ್ಯನ ತೀರ್ಮಾನಗಳೆಲ್ಲ ಹೀಗೇ. ಯಾರೋ ಬರುವವರೆಗೆ ಬಾಗಿಲಲ್ಲಿ ನಿಂತಿರುತ್ತವೆ.

*

ತಾರವ್ವ ಬಿದ್ದದ್ದಾದರೂ ಯಾತಕ್ಕೆ? ಕರೆಂಟಿನ ಮೀಟರು ನೋಡಲು ಬಂದವನಿಗಾಗಿ.

ತಾರವ್ವನಿಗೆ ಒಂದು ಪದ್ಧತಿಯಿತ್ತು. ಮನೆಗೆ ಯಾರೇ ಬಂದರೂ ಎದ್ದು ನಿಲ್ಲಬೇಕು. ಮಠದ ಅಯ್ಯನವರು ಬಂದರೆ ಸರಿ, ಬೀಗರು ಬಂದರೆ ಸರಿ. ಆಕೆ ಬಳೆಗಾರನಿಗೂ ಏಳುತ್ತಿದ್ದಳು, ಹಾಲಿನ ಡೇರಿಯವನಿಗೂ ಏಳುತ್ತಿದ್ದಳು, ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ನೀರು ಕೇಳಲು ಬಂದರೆ ಅವರಿಗೂ ಏಳುತ್ತಿದ್ದಳು. ‘ಬಂದಾವ್ರ ಮುಂದ ಕುಂತ ಇರೂದಂದ್ರ ಏನ ಅದು, ನಾವೇನ ಸಾಹೇಬರನ?’ ಎನ್ನುವುದು ಅವಳ ಮಾತು. ಸೊಸೆಯಾಗಿ ಬಂದ ಹೊಸದರಲ್ಲಿ ಚನ್ನವ್ವ ರೊಟ್ಟಿ ಬಡಿಯುತ್ತ ಕೂತಿದ್ದಾಗ ನೆರೆಮನೆಯ ಹುಡುಗಿಯೊಂದು ಬೆಂಕಿ ಕೇಳಲು ಬಂದಿತ್ತು. ‘ಏಳ ಬೇ, ಮಂದಿ ಬಂದಾರ,’ ಎಂದು ತಾರವ್ವ ಗದರಿದ್ದಳು. ಮಂದಿ ಎಂದರೆ ಮೊಣಕಾಲೆತ್ತರದ ಆ ಹುಡುಗಿ.

ದೀಪಾವಳಿ ಮುಗಿದ ವಾರ. ತಾರವ್ವ ಪಡಸಾಲೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ಮೀಟರಿನ ಬಾಳೇಶ ಮೋಟರ್ ಸೈಕಲ್ ನಿಲ್ಲಿಸಿ ಒಳಗೆ ಬಂದ. “ಏಳಬ್ಯಾಡ್ರಿ ಆಯಿ, ನಾ ನೋಡಕೊಂಡ ಹೊಕ್ಕೇನಿ,” ಎಂದ. ಅವನ ಮಾತು ಮುಗಿಯುವುದರೊಳಗೆ ಅವಳು ಎದ್ದಿದ್ದಳು. ಸೀರೆಯ ಅಂಚು ಕಾಲಿಗೆ ಸಿಕ್ಕಿತೋ, ಅವರೆ ಸಿಪ್ಪೆ ಜಾರಿತೋ. ಬಿದ್ದ ಸದ್ದು ಹಿತ್ತಲಿನಲ್ಲಿದ್ದ ಚನ್ನವ್ವನಿಗೆ ಕೇಳಿತು. ಬಂದು ನೋಡಿದರೆ ಬಲಗಾಲು ಗಿಡ್ಡಾಗಿ, ಪಾದ ಹೊರಗೆ ಹೊರಳಿ, ಅದು ತನ್ನದಲ್ಲವೆಂಬಂತೆ ಬಿದ್ದಿತ್ತು. ತಾರವ್ವ ಹೇಳಿದ ಮೊದಲ ಮಾತು: “ಅವಂಗ ಚಾ ಕೊಡ ಚನ್ನಾ.”

ಮೀರಜಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಎಲುಬಿನ ಫೋಟೋ ತೆಗೆದರು, ರಕ್ತ ತೆಗೆದರು, ಎದೆಗೆ ತಂತಿ ಹಚ್ಚಿದರು. ತೊಡೆಯ ಎಲುಬು ಸೊಂಟದ ಹತ್ತಿರವೇ ಮುರಿದಿದೆ, ಆದರೆ ಎದೆ ಅರ್ಧಕ್ಕರ್ಧ ಸೋತಿದೆ, ಮದ್ದು ಕೊಟ್ಟು ಮಲಗಿಸಿದರೆ ಮತ್ತೆ ಏಳುವುದು ಕಷ್ಟ ಎಂದರು. ಅದು ಚನ್ನವ್ವನಿಗೆ ಅರ್ಥವಾಯಿತು. ಸೋತ ಎತ್ತನ್ನು ಹೊಳೆ ದಾಟಿಸಲಾಗದು. ಅರ್ಥವಾಗದೆ ಉಳಿದದ್ದು ಆಮೇಲಿನ ಮಾತು.

“ಮನೀಗೆ ಒಯ್ಯಿರಿ. ಸೇವಾ ಮಾಡ್ರಿ,” ಎಂದರು ಡಾಕ್ಟರು, ಮುಂದಿನ ಪೇಷಂಟಿನ ಫೋಟೋ ಬೆಳಕಿಗೆ ಹಿಡಿಯುತ್ತ.

“ಬ್ಯಾನೀಗೇನ ಕೊಡತೀರಿ ಸಾಹೇಬರ?”

“ಪ್ಯಾರಾಸಿಟಮಾಲ್ ಬರದೇನಿ.”

“ಅದು ಜ್ವರದ ಗುಳಿಗಿ ಅಲ್ರಿ?”

“ಬ್ಯಾನೀಗೂ ನಡೀತೈತಿ. ವಯಸ್ಸ ಆತಲ್ಲ ತಾಯಿ. ಆಪರೇಷನ್ ಮಾಡಾಕ ಬರೂದಿಲ್ಲ ಅಂದಮ್ಯಾಲ ನಮ್ಮ ಕೈಯಾಗ ಏನೈತಿ?”

ಹಿಂದಿರುಗುವಾಗ ಜೀಪು ರಸ್ತೆಯ ಒಂದೊಂದು ತಗ್ಗಿಗೆ ಇಳಿದಾಗಲೂ ತಾರವ್ವ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಚನ್ನವ್ವ ದಾರಿಯುದ್ದಕ್ಕೂ ಒಂದೇ ಮಾತನ್ನು ತಲೆಯಲ್ಲಿ ತಿರುವುತ್ತಿದ್ದಳು. ಕೊಯ್ಯಲು ಆಗದಿದ್ದರೆ ಬಿಡಲಿ. ಕೊಯ್ಯಲಿಲ್ಲ ಎಂದ ಮಾತ್ರಕ್ಕೆ ನೋವೂ ಇಲ್ಲ ಎಂದಾಗುತ್ತದೆಯೇ?

*

ಸುಂದರವ್ವ ಕಾರಿನಿಂದ ಇಳಿದು ಅಂಗಳದಿಂದಲೇ ಎದೆ ಬಡಿದುಕೊಳ್ಳುತ್ತ ಬಂದಳು. “ಎವ್ವಾ, ನಾ ಬಂದೇನ್ಬೇ! ಎದ್ದ ಬಾರಲಾ! ಯಾವಾಗ ಬಂದ್ರೂ ಎದ್ದ ಬರತಿದ್ದೆಲ್ಲ ನಮ್ಮವ್ವಾ!”

ಅದನ್ನೇ ಬೆಳಗಿನಿಂದ ಬಂದವರೆಲ್ಲ ಅಂದಿದ್ದರು. ತಾರವ್ವ ತಮ್ಮನ್ನು ಕಂಡು ಏಳದೆ ಇದ್ದದ್ದು ಇದೇ ಮೊದಲು ಎಂದು. ಚನ್ನವ್ವ ನಾದಿನಿಯ ಬೆನ್ನ ಮೇಲೆ ಕೈಯಿಟ್ಟು ಕೂರಿಸಿದಳು, ನೀರು ಕೊಟ್ಟಳು. ನೀರು ಕುಡಿದು, ಮೂಗು ಒರೆಸಿಕೊಂಡ ಮೇಲೆ ಸುಂದರವ್ವನ ಕಣ್ಣು ತಾಯಿಯ ಮೇಲೆ ನಿಂತಿತು.

“ಇನ್ನೂ ಯಾಕ ಮಲಗಿಸೀರಿ? ಕಾಮಣ್ಣ ಕಾಕಾ ಬಂದಿಲ್ಲೇನ?”

“ಬಂದ ಕುಂತೇನವಾ,” ಎಂದ ಕಾಮಣ್ಣ ಮೂಲೆಯಿಂದ. “ಕಾವಲ ಬಿಗಿ ಐತಿ ಇಲ್ಲಿ.”

ವಿಷಯ ತಿಳಿದು ಸುಂದರವ್ವ ನೆಟ್ಟಗೆ ಕೂತಳು. “ಇದೇನ ವೈನಿ? ನಮ್ಮವ್ವ ಕಾಲ ಚಾಚಕೊಂಡ ವಿಮಾನದಾಗ ಹೋಗಬೇಕನ? ಊರ ಅಗಸಿ ಬಾಗಲದಾಗ ನಿಂತ ಮಂದಿ ಏನಂದಾರು? ಜೀವ ಹೋದಮ್ಯಾಗ ಎಂಥಾ ಬ್ಯಾನಿ?”

ಇಷ್ಟು ಹೊತ್ತು ತಡೆದುಕೊಂಡದ್ದು ಚನ್ನವ್ವನ ಬಾಯಿಗೆ ಬಂತು.

“ಜೀವ ಇದ್ದಾಗ ಎಂಥಾ ಬ್ಯಾನಿ ಅಂದ್ರಿ. ಹೋದಮ್ಯಾಗ ಎಂಥಾ ಬ್ಯಾನಿ ಅಂತೀರಿ. ಅವರ ಬ್ಯಾನೀನ ಯಾವ ಹೊತ್ತಿನ್ಯಾಗ ಖರೆ ಅಂತೀರಿ ನೀವು?”

ಹೊರಗೆ ಕಬ್ಬು ಹೇರಿದ ಟ್ರಾಕ್ಟರೊಂದು ಹಾಡು ಹಚ್ಚಿಕೊಂಡು ಬರುತ್ತಿದ್ದದ್ದು, ಮಂದಿಯನ್ನು ಕಂಡು ಹಾಡು ನಿಲ್ಲಿಸಿ ನಿಧಾನವಾಗಿ ದಾಟಿತು.

“ನಾ ಏನ ಅಂದೆ?” ಸುಂದರವ್ವನ ದನಿ ಸಣ್ಣದಾಯಿತು. “ನಾ ಬಂದಾಗೆಲ್ಲ ‘ಆರಾಮ ಅದೀನಿ’ ಅಂತಿದ್ಲು. ಬಾಯಿಲೆ ಆರಾಮ ಅಂದ್ರ ನಾ ಏನ ತಿಳಕೋಬೇಕ?”

ಅದೂ ಸುಳ್ಳಲ್ಲ. ಚನ್ನವ್ವನ ಸಿಟ್ಟು ನಿಲ್ಲಲು ಜಾಗ ಸಿಗದೆ ಮತ್ತೆ ಅವಳ ಮೇಲೆಯೇ ಬಂದು ಕೂತಿತು.

*

ಎಲುಬು ಮುರಿದು ಬಂದ ಮಾರನೆಯ ದಿನದಿಂದ ಮಂದಿ ಮಾತಾಡಿಸಲು ಬರತೊಡಗಿದರು. ಪಾಲಬಾವಿಯಿಂದ ಬಂದರು, ರಾಯಬಾಗದಿಂದ ಬಂದರು, ಬಾಳೆಹಣ್ಣು, ಬಿಸ್ಕೀಟು ತಂದರು. ಒಳಗೆ ಹೆಜ್ಜೆ ಸದ್ದಾದರೆ ಸಾಕು, ತಾರವ್ವ ಮೊಣಕೈ ಊರಿ ಏಳಲು ನೋಡುತ್ತಿದ್ದಳು. ಎದ್ದು ನಿಲ್ಲಲಾಗದು, ತಲೆಯನ್ನಾದರೂ ಎತ್ತಬೇಕು. ಆ ಮೇಲೆತ್ತುವುದರಲ್ಲಿ ಮುರಿದ ಎಲುಬಿನ ತುದಿಗಳು ಒಂದರ ಮೇಲೊಂದು ಉಜ್ಜಿ, ಅವಳ ಮುಖ ಸುಣ್ಣದಂತಾಗುತ್ತಿತ್ತು. “ಬರ್ರಿ, ಕುಂಡ್ರಿ. ಆರಾಮ ಅದೀನಿ,” ಎನ್ನುತ್ತಿದ್ದಳು. ಬಂದವರು, “ನೋಡ, ಎಷ್ಟ ಗಟ್ಟಿ ಅದಾಳ ಮುದಕಿ,” ಎಂದು ಮೆಚ್ಚಿ ಎದ್ದು ಹೋಗುತ್ತಿದ್ದರು. ಅವರು ಅಗಸೆ ದಾಟುವವರೆಗೆ ತಡೆದಿದ್ದು, ಆಮೇಲೆ ಸೆರಗು ಕಚ್ಚಿಕೊಂಡು ಹೊರಡುತ್ತಿದ್ದ ಆ ಮೂಗುನರಳಿಕೆ ಕೇಳುವುದು ಚನ್ನವ್ವನ ಪಾಲು.

ಎಲುಬು ಕಟ್ಟುವ ಹಾಲೇಶನನ್ನು ಯಾರೋ ಕರೆತಂದರು. ಅವನು ಕಾಲು ಜಗ್ಗಿ ನೇರ ಮಾಡಲು ನೋಡಿದ. ತಾರವ್ವನಿಗೆ ಎಚ್ಚರ ತಪ್ಪಿತು. “ಈಗ ಕೂತೈತಿ ನೋಡ್ರಿ, ಅದಕ್ಕ ಸುಮ್ಮಗಾಗ್ಯಾಳ,” ಎಂದ ಅವನು. ಚನ್ನವ್ವ ಒಲೆಯ ಕೊಳ್ಳಿ ಹಿಡಿದು ಬಂದಾಗ ಚೀಲವನ್ನೂ ಬಿಟ್ಟು ಹೋದ.

ನೆರೆಮನೆಯ ಮನಿಷಾಳ ತಂದೆ ಹೋದ ವರ್ಷ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದ. ಕೊನೆಗೆ ಅವನಿಗೆ ಚಿಕ್ಕೋಡಿಯ ಡಾಕ್ಟರಮ್ಮ ನೀಲಮ ಗುಳಿಗೆ ಕೊಟ್ಟು ಬೇನೆ ಇಳಿಸಿದ್ದು ಚನ್ನವ್ವನಿಗೆ ನೆನಪಿತ್ತು. ಮನಿಷಾ ಅಂದಳು, “ಅದು ಕ್ಯಾನ್ಸರಿನ ಗುಳಿಗಿ ಅಲ್ಲೇನ ಕಾಕು?” ಚನ್ನವ್ವ ಅಂದಳು, “ಅವರದು ಕ್ಯಾನ್ಸರ್, ಇವರದು ಎಲುವು. ನೂಸೂದು ಇಬ್ರೀಗೂ ನೂಸೂದ ಅಲ್ಲನ?” ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ, ಮೀರಜಿನ ಫೋಟೋ ಡಾಕ್ಟರ್ ನೀಲಮಳ ಮೇಜಿನ ಮೇಲೆ ಇಟ್ಟಳು. “ಎಲುವು ಕೂಡಿಸ್ರಿ ಅನ್ನಂಗಿಲ್ಲ ಬಾಯಾರ. ಮಗ್ಗಲಾ ಬದಲಿಸಿದ್ರ ಜೀವ ಹೋದಂಗ ಆಗಬಾರದು, ಅಷ್ಟ ಮಾಡ್ರಿ.”

ನೀಲಮ ಭಾನುವಾರ ತಾನೇ ಮನೆಗೆ ಬಂದಳು. ಕಾಲನ್ನು ಮುಟ್ಟುವ ಮೊದಲು, “ಅಜ್ಜಿ, ಮುಟ್ಲೇನು?” ಎಂದು ಕೇಳಿದಳು. ಹಾಗೆ ಕೇಳಿದ ಡಾಕ್ಟರು ಅವಳೊಬ್ಬಳೇ. ಎರಡು ಮೊಣಕಾಲ ನಡುವೆ ದಿಂಬು ಇಡುವುದನ್ನು, ಸೊಂಟದ ಕೆಳಗೆ ಕೌದಿ ಹಾಸಿ ಕೌದಿಯ ಸಮೇತ ಹೊರಳಿಸುವುದನ್ನು ತೋರಿಸಿದಳು. ಗುಳಿಗೆ ಕೊಟ್ಟ ಕೂಡಲೇ ಎತ್ತಬಾರದು, ಅದು ಮೈಗೆ ಹತ್ತುವವರೆಗೆ ಕಾಯಬೇಕು. ಎತ್ತುವ ಮೊದಲು ಹೇಳಬೇಕು. ಅಜ್ಜಿ ಉಸಿರು ಬಿಗಿಹಿಡಿದ ಜಾಗದಲ್ಲಿ ನಿಲ್ಲಿಸಬೇಕು, ಅಲ್ಲಿಂದ ಮುಂದೆ ಒಯ್ಯಬಾರದು. ಗುಳಿಗೆ ಸಾಲದಿದ್ದರೆ ತೊಡೆಸಂದಿಯ ಹತ್ತಿರ ಒಂದು ಇಂಜೆಕ್ಷನ್ ಇದೆ, ಒಂದೆರಡು ದಿನ ಆ ಜಾಗ ಜೋಮು ಹಿಡಿದಂತಿರುತ್ತದೆ, ಕರೆಯಿರಿ ಎಂದಳು.

ಆ ಸಂಜೆಯೇ ಸುಂದರವ್ವ ಫೋನಿನಲ್ಲಿ ಅತ್ತಳು. “ಅಫೀಮಿನ ಗುಳಿಗಿ ಅಂತಲ್ಲ ಅಣ್ಣಾ? ಅವ್ವಗ ನಶಾ ಏರ್ಸಿ ಮಲಗಸ್ತೀರೇನ? ಕಡೀಕ ಬಾಯಾಗ ಶಿವನ ಹೆಸರರ ಬರಬ್ಯಾಡೇನ?” ಮುರಗೆಪ್ಪ ಗುಳಿಗೆಯ ಪೊಟ್ಟಣವನ್ನು ತೆಗೆದು ದೇವರ ಜಗುಲಿಯ ಹಿಂದೆ ಇಟ್ಟ. ಚನ್ನವ್ವ ಕೇಳಿದಳು, ಜಗಳಾಡಿದಳು, ಅತ್ತಳು. “ಅವ್ವ ಆರಾಮ ಅದೀನಿ ಅಂತಾಳಲ್ಲ. ನೋಡೂಣು,” ಎಂದ ಅವನು. ಗುಳಿಗೆ ಕದಿಯಬಹುದಿತ್ತು. ಕದ್ದು ಕೊಟ್ಟ ಮೇಲೆ ಅತ್ತೆಗೆ ಏನಾದರೂ ಆದರೆ ಇಡೀ ಜನ್ಮ ಆ ಮಾತು ತನ್ನ ತಲೆಯ ಮೇಲೆ ಬೀಳುತ್ತದೆಂಬುದು ಅವಳಿಗೆ ಗೊತ್ತಿತ್ತು. ಅದಕ್ಕಿಂತ, ಮಗನೇ ಕೊಡುವಂತಾಗಬೇಕು.

ರಾಯಬಾಗದ ಸಂತೆಯ ದಿನ ಅವಳು ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು. “ಅತ್ತಿ, ನಾ ಸಂತೀಗೆ ಹೋಗಿ ಬರತೇನ್ರಿ. ಇವತ್ತ ನಿಮ್ಮ ಮಗಾ ಮಗ್ಗಲಾ ಬದಲಿಸ್ತಾರ. ತಡಕೋಬ್ಯಾಡ್ರಿ. ಒದರ್ರಿ. ಓಣಿ ಕೂಡೂವಂಗ ಒದರ್ರಿ.”

ತಾರವ್ವ ಬತ್ತಿದ ತುಟಿಯಲ್ಲಿ ನಕ್ಕಳು. “ಮಗನ ಮುಂದ ಹೆಂಗ ಒದರೂದ ಬೇ?”

ಸಂತೆಯಲ್ಲಿ ಚನ್ನವ್ವ ಏನು ಕೊಂಡಳೋ ಅವಳಿಗೇ ನೆನಪಿಲ್ಲ. ತಿರುಗಿ ಬಂದಾಗ ಮುರಗೆಪ್ಪ ಪಡಸಾಲೆಯಲ್ಲಿ ಎಡದ ಮುಂಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದ. ತಾರವ್ವ ಒದರಿರಲಿಲ್ಲ. ‘ಆರಾಮ ಅದೀನಿ’ ಎಂದಷ್ಟೇ ಅಂದಿದ್ದಳು. ಮಗ ಹೊರಳಿಸುವಾಗ ಅವನ ಮುಂಗೈ ಹಿಡಿದುಕೊಂಡಿದ್ದಳು. ಅಕ್ಕಿಯ ನುಚ್ಚು ನುಂಗಲೂ ಬಲವಿಲ್ಲದ ಆ ಮುದುಕಿಯ ಉಗುರು ಅವನ ಚರ್ಮ ಹರಿದು ಒಳಗೆ ಇಳಿದಿತ್ತು. ಗಾಯದಿಂದ ರಕ್ತ ಒಸರುತ್ತಿತ್ತು.

“ಇಷ್ಟ ಐತೇನ?” ಎಂದ ಹೆಂಡತಿಯನ್ನು ನೋಡಿ.

“ಇಷ್ಟ ಐತ್ರಿ.”

“ದಿನಾ?”

“ದಿನಾ ಅಲ್ರಿ. ಒಂದೊಂದ ಸಲಕ್ಕೂ.”

ಅವನು ಎದ್ದು ಜಗುಲಿಯ ಹಿಂದೆ ಕೈ ಹಾಕಿದ. ಚಿಕ್ಕೋಡಿಗೆ ಫೋನ್ ಹಚ್ಚಿದ್ದೂ ಅವನೇ. ಮರುದಿನ ನೀಲಮ ಬಂದು ತೊಡೆಸಂದಿಗೆ ಇಂಜೆಕ್ಷನ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ತಾರವ್ವ ಕಣ್ಣು ತೆರೆದು, “ಚನ್ನಾ, ನನ್ನ ಕಾಲ ಯಾರರ ಒಯ್ದ್ರೇನ ನೋಡ,” ಎಂದಳು. ಕಾಲು ಅಲ್ಲೇ ಇತ್ತು, ಬೇನೆ ಇರಲಿಲ್ಲ. ಆಮೇಲೆ ನಿದ್ದೆ ಹೋದಳು, ಬಾಯಿ ತೆರೆದು, ಗೊರಕೆ ಹೊಡೆಯುತ್ತ. ಮುರಗೆಪ್ಪ ಬಾಗಿಲಲ್ಲಿ ನಿಂತು ಆ ಗೊರಕೆ ಕೇಳಿದ. ಇಂಜೆಕ್ಷನ್ ಇಳಿದ ಮೇಲೆ ಗುಳಿಗೆ ನಡೆಯಿತು, ಮತ್ತೊಮ್ಮೆ ಇಂಜೆಕ್ಷನ್ ಆಯಿತು. ತಾರವ್ವನಿಗೆ ನಶೆ ಏರಿ ಹುಚ್ಚು ಹಿಡಿಯಲಿಲ್ಲ. ಎಚ್ಚರವಾದಾಗ ಶಿವನ ಹೆಸರನ್ನೂ ತೆಗೆದುಕೊಂಡಳು, ಎಮ್ಮೆ ಎಷ್ಟು ಹಾಲು ಕೊಟ್ಟಿತೆಂದೂ ಕೇಳಿದಳು.

ಅಂಥ ಒಂದು ನೆಮ್ಮದಿಯ ಮಧ್ಯಾಹ್ನವೇ ಆ ಮಾತು ಕೇಳಿದ್ದು. ಸತ್ತ ಮೇಲೆ ಕಾಲು ಮಡಚುತ್ತಾರಲ್ಲ, ಆಗ ನೂಸತೈತೇನ?

*

ಬಿಸಿಲು ಬೇವಿನ ಗಿಡದ ನೆತ್ತಿಗೆ ಬಂದಿತ್ತು. ಅಯ್ಯನವರು ಬಂದು ವಿಭೂತಿಯ ಗಂಟು ಬಿಚ್ಚುತ್ತಿದ್ದರು. ಅಂಗಳದಲ್ಲಿ ಬಾಳೆಗಿಡ, ಕಬ್ಬು ಕಟ್ಟಿ ವಿಮಾನ ಸಿದ್ಧವಾಗಿತ್ತು. ಗೋಡೆಯ ಹತ್ತಿರ ಮೀಟರಿನ ಬಾಳೇಶ, ಯಾರೂ ತನ್ನನ್ನು ನೋಡದಿರಲಿ ಎನ್ನುವಂತೆ ನಿಂತಿದ್ದ.

“ಇನ್ನ ತಡದ್ರ ಎಲುವ ಮುರದ ಕುಂಡ್ರಿಸಬೇಕಾಗತೈತಿ,” ಎಂದ ಕಾಮಣ್ಣ. ಈ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ. “ಮುರಗೆಪ್ಪಾ, ಸುಂದರವ್ವ ಬಂದಾಳ. ಈಗರ ಹೇಳ. ನಾ ನಿನ್ನ ಮನೀ ಜಗಳಾ ನೋಡಾಕ ಬಂದಿಲ್ಲ.”

ಎಲ್ಲರೂ ಮುರಗೆಪ್ಪನನ್ನು ನೋಡಿದರು. ಅವನು ಟವೆಲು ಸರಿಪಡಿಸಲು ಕೈ ಎತ್ತಿದಾಗ ಅಂಗಿಯ ತೋಳು ಜಾರಿತು. ಮುಂಗೈಯ ಮೇಲೆ ಉಗುರಿನ ಕಲೆಗಳು ಸಾಲಾಗಿ, ಇನ್ನೂ ಕಪ್ಪಗೆ, ಕಂಡವು. ಸುಂದರವ್ವ ಅವನ್ನು ಮೊದಲ ಸಲ ನೋಡಿದಳು.

“ಅದೇನ ಅಣ್ಣಾ?”

“ಅವ್ವಂದು,” ಎಂದ ಮುರಗೆಪ್ಪ. ತೋಳನ್ನು ಕೆಳಗೆ ಎಳೆದುಕೊಳ್ಳಲಿಲ್ಲ. “ಆರಾಮ ಅದೀನಿ ಅನ್ನುವಾಗ ಹಿಡಕೊಂಡಿದ್ಲು.”

ಸುಂದರವ್ವ ಆ ಕಲೆಗಳ ಮೇಲೆ ಬೆರಳಿಟ್ಟಳು.

“ಕಾಕಾ, ನೀವು ಬೆನ್ನ ಹಿಡೀರಿ,” ಎಂದ ಮುರಗೆಪ್ಪ. “ಕಾಲ ಅಕಿ ನೋಡಕೋತಾಳ. ಅಕಿ ಎಷ್ಟ ಅಂತಾಳೋ ಅಷ್ಟ.”

ಮೂವತ್ತು ವರ್ಷದಲ್ಲಿ ಮಂದಿಯ ಮುಂದೆ, ಯಾರನ್ನೂ ಕೇಳದೆ ಅವನು ಮಾಡಿದ ತೀರ್ಮಾನ ಚನ್ನವ್ವನಿಗೆ ನೆನಪಿರುವ ಮಟ್ಟಿಗೆ ಅದೊಂದೇ. ಅದೂ ತಡವಾಗಿಯೇ ಬಂತು. ಆದರೆ ಬಂತು.

ಅವಳು ಸೆರಗು ಸಿಕ್ಕಿಸಿಕೊಂಡು ಮೊಣಕಾಲೂರಿದಳು. ಒಂದು ಕೈಯನ್ನು ಹಿಮ್ಮಡಿಯ ಕೆಳಗೆ, ಇನ್ನೊಂದನ್ನು ಮೊಣಕಾಲ ಕೆಳಗೆ ಹಾಕಿದಳು. ಬಾಯಿ ರೂಢಿಯಂತೆ ಹೇಳಿಬಿಟ್ಟಿತು: “ಅತ್ತಿ, ಎತ್ತತೇನ್ರಿ.” ಹಾಗೆಂದವಳು ಕಾದಳು. ಯಾತಕ್ಕೆ ಕಾಯುತ್ತಿದ್ದಾಳೆಂದು ಕಾಮಣ್ಣನಿಗೆ ತಿಳಿಯಲಿಲ್ಲ. ಆದರೂ ಬೆನ್ನು ಹಿಡಿದು ಕಾದ.

ಕಾಲು ಎದ್ದಿತು. ತಣ್ಣಗೆ, ಹಗುರವಾಗಿ. ಮೊಣಕಾಲು ಸ್ವಲ್ಪ ಬಾಗಿತು, ಇನ್ನೂ ಸ್ವಲ್ಪ ಬಾಗಿತು. ತಾರವ್ವ ಉಸಿರು ಬಿಗಿಹಿಡಿಯುತ್ತಿದ್ದ ಜಾಗವೊಂದಿತ್ತು. ಅದು ಚನ್ನವ್ವನ ಕೈಗೆ ಗೊತ್ತಿತ್ತು. ಅಲ್ಲಿ ಕೈ ನಿಂತಿತು.

“ಇನ್ನೂ ಬರತೈತಿ ತಂಗಿ,” ಎಂದ ಕಾಮಣ್ಣ ಮೆತ್ತಗೆ. “ಸಡ್ಲ ಐತಿ.”

“ಗೊತ್ತೈತ್ರಿ. ಇಲ್ಲಿಗೆ ಸಾಕ.”

ಅರ್ಧ ಬಾಗಿದ ಆ ಕಾಲನ್ನು ಎಲ್ಲಿ ಇಡಬೇಕೆಂದು ನೋಡುವಷ್ಟರಲ್ಲಿ ಪಕ್ಕದಿಂದ ಒಂದು ದಿಂಬು ಬಂತು. ಸುಂದರವ್ವ ಹಾಸಿಗೆಯಿಂದ ತಂದಿದ್ದಳು. ತಾಯಿಯ ಮೊಣಕಾಲ ಕೆಳಗೆ ಅದನ್ನು ಸರಿಸಿ, ಮೂಲೆ ತಟ್ಟಿ, ಅಲ್ಲೇ ಕೂತುಬಿಟ್ಟಳು.

ಅಯ್ಯನವರು ವಿಭೂತಿ ಹಚ್ಚಲು ಬಂದವರು ಕಾಲನ್ನೊಮ್ಮೆ ನೋಡಿದರು. ಎಲ್ಲರೂ ಅವರ ಬಾಯಿ ನೋಡಿದರು. “ಕುಂತಾಳಲ್ಲ,” ಎಂದರು ಅವರು. “ಆತು. ಕಾಲ ಎಷ್ಟ ಮಡಚೈತಿ ಅಂತ ಮುಂದ ಯಾರ ಅಳೀತಾರ?”

ವಿಮಾನ ಮಾತ್ರ ಇಕ್ಕಟ್ಟಾಯಿತು. ಬಲಗಡೆಯ ಕಬ್ಬು ಬಿಚ್ಚಬೇಕಾಯಿತು. ತಾರವ್ವನ ಪಾದ ಆ ಬದಿಯಿಂದ ಒಂದಿಷ್ಟು ಹೊರಗೆ ಇಣುಕಿತ್ತು. ಅಗಸೆಯಲ್ಲಿ ಮಂದಿ ಏನೇನೋ ಅಂದರು. ಅನ್ನಲಿ ಎಂದು ಚನ್ನವ್ವ ವಿಮಾನದ ಬಲಗಡೆಯೇ ನಡೆದಳು.

ಮಣ್ಣಿನ ಜಾಗದಲ್ಲಿ ಕುಣಿ ಎಂದಿನ ಅಳತೆಗೇ ತೋಡಿದ್ದರು. ಕೂರಿಸುವ ಗೂಡಿನಲ್ಲಿ ಬಲಗಾಲು ಹಿಡಿಯಲಿಲ್ಲ. ಕಾಮಣ್ಣ ಸೊಂಟಕ್ಕೆ ಕೈಯಿಟ್ಟು, “ಸತ್ತಮ್ಯಾಗೂ ಹೆಚ್ಚಿಗಿ ಜಾಗ ಕೇಳಾಕತ್ತಾಳ ನೋಡ, ಜೀವ ಇದ್ದಾಗ ಒಂದ ಮೂಲಿ ಸಾಲತಿತ್ತ,” ಎಂದು ಗುದ್ದಲಿಗೆ ಕೈ ಚಾಚಿದ. ಗುದ್ದಲಿ ಬಾಳೇಶನ ಕೈಯಲ್ಲಿತ್ತು. ಯಾವಾಗ ಕುಣಿಗೆ ಇಳಿದಿದ್ದನೋ, ಅವನು ಗೂಡಿನ ಬಲಗಡೆಯ ಮಣ್ಣನ್ನು ಕೆತ್ತತೊಡಗಿದ್ದ.

“ನಾ ಏಳಬ್ಯಾಡ್ರಿ ಅಂದಿದ್ದೆ ಕಾಕು,” ಎಂದ, ತಲೆ ಎತ್ತದೆ.

“ನನಗ ಗೊತ್ತೈತಪಾ. ಅವರು ಕೇಳೂವಂಥಾವರಲ್ಲ. ಇನ್ನೊಂದೀಟ ಅಗಲ ಮಾಡ.”

ಕೂರಿಸುವಾಗ ಅಯ್ಯನವರು ದಿಂಬನ್ನು ತೆಗೆಸಿದರು. ಅದು ಮಣ್ಣಿನಲ್ಲಿ ಬರುವಂತಿಲ್ಲ. ಕಾಮಣ್ಣ ಬೆರಳಿನಿಂದ ಹೆಂಟೆ ಪುಡಿಮಾಡಿ, ಮೆತ್ತನೆಯ ಮಣ್ಣನ್ನು ಮೊಣಕಾಲ ಕೆಳಗೆ ತುಂಬಿ, ಮೇಲೆ ಬಿಲ್ವಪತ್ರೆ ಹಾಸಿ, ಕಾಲನ್ನು ಅದರ ಮೇಲೆ ಇಳಿಸಿದ. ಇಳಿಸುವ ಮೊದಲು ಒಮ್ಮೆ ಮೇಲೆ ನೋಡಿ ಚನ್ನವ್ವನನ್ನು ಕೇಳಿದ: “ಇಷ್ಟ ಸಾಕೇನ ತಂಗಿ?”

ಅವಳು ತಲೆಯಾಡಿಸಿದಳು.

ಸಂಜೆ ಸ್ನಾನ ಮುಗಿಸಿ ಚನ್ನವ್ವ ಪಡಸಾಲೆಯ ಕಟ್ಟೆಯ ಮೇಲೆ ಕೂತಳು. ತಾರವ್ವ ಅವರೆ ಸುಲಿಯುತ್ತಿದ್ದ ಜಾಗ. ತೊಡೆಯ ಮೇಲೆ ಆ ದಿಂಬು. ಅದರ ನಡುವೆ ಮೊಣಕಾಲಿನಷ್ಟು ಅಗಲದ ತಗ್ಗು ಹಾಗೆಯೇ ಇತ್ತು. ಹೊರಗೆ ಮೋಟರ್ ಸೈಕಲ್ ನಿಂತ ಸದ್ದಾಯಿತು. ಮಣ್ಣಿಗೆ ಬರಲಾಗದ ಯಾರೋ ಪಾಲಬಾವಿಯವರು 'ಚನ್ನವ್ವಾ' ಎಂದು ಕರೆಯುತ್ತ ಒಳಗೆ ಬಂದರು. ಅವಳ ಕೈ ತಾನಾಗಿ ಕಟ್ಟೆಗೆ ಊರಿತು, ಮೈ ಅರ್ಧ ಎದ್ದಿತು. ಆಮೇಲೆ ಅವಳು ಮತ್ತೆ ಕೂತಳು.

“ಬರ್ರಿ, ಕುಂಡ್ರಿ,” ಎಂದಳು ಕೂತಲ್ಲಿಂದಲೇ. “ನಾ ಏಳಂಗಿಲ್ಲ. ಚಾದ ಕಿಟ್ಲಿ ಅಲ್ಲೈತಿ, ಹಾಕ್ಕೋರಿ.”

ಬಂದವರು ಅರೆಗಳಿಗೆ ಗಲಿಬಿಲಿಗೊಂಡು, ತಾವೇ ಹೋಗಿ ಹಾಕಿಕೊಂಡರು. “ಮುದಕಿ ಭಾಳ ತ್ರಾಸ ತಗೊಂಡ್ಲೇನ?” ಎಂದು ಕೇಳಿದರು.

ಚನ್ನವ್ವ ದಿಂಬಿನ ತಗ್ಗನ್ನು ನೋಡಿದಳು. ಬಿಸಿಲಿಗೆ ಹಾಕಿದರೆ ಹತ್ತಿ ಉಬ್ಬಿ ಅದು ಹೋಗುತ್ತದೆ.

“ಮೊದಲಿನ ದಿನಾ ಎಲ್ಲಾ ತ್ರಾಸಿನ್ಯಾಗ ಹೋದೂ,” ಎಂದಳು. “ಕಡೀಕ ಒಂದ ಹದಿನೈದ ದಿನಾ ನಿದ್ದಿ ಮಾಡಿದ್ರು.”